ಹೊಂಗೆ ಸಸಿ ಎಷ್ಟಕ್ಕೆ ಬೀಳುತ್ತೆ?

ಹೊಂಗೆ ಸಸಿಗೆ ಎಷ್ಟು ರೇಟು ಅಂತ ಯಾರಾದರೂ ಕೇಳಿದರೆ ನನಗೆ ತಕ್ಷಣ ಉತ್ತರ ಹೊಳೆಯುವುದಿಲ್ಲ. ನರ್ಸರಿಯವರು ಹೇಳುವ ರೇಟು ಬೇರೆ, ಅದು ರೈತನಿಗೆ ಕೊನೆಗೆ ಬೀಳುವ ರೇಟು ಬೇರೆ. ಬೀಜದಿಂದ ಎಬ್ಬಿಸಿದ ಸಸಿ ಒಂದು ಕಪ್ಪು ಚಾದ ದುಡ್ಡಿಗೋ ಎರಡು ಕಪ್ಪಿನ ದುಡ್ಡಿಗೋ ಸಿಗುತ್ತದೆ. ಸರಕಾರದ ಯೋಜನೆ ಇದ್ದಾಗ ಪುಕ್ಕಟೆಯೂ ಸಿಕ್ಕಿದ್ದುಂಟು. ಕಸಿ ಮಾಡಿದ್ದಾದರೆ ಅದರ ಮೂರು ನಾಲ್ಕು ಪಟ್ಟು. ಹಾಗಾಗಿ ಎಲ್ಲರೂ ಬೀಜದ ಸಸಿಯನ್ನೇ ಒಯ್ಯುತ್ತಾರೆ. ಆರೇಳು ವರ್ಷ ಕಾಯುತ್ತಾರೆ. ಆಮೇಲೆ ಕೆಲವು ಗಿಡ ಕಾಯಿ ಹಿಡಿಯುತ್ತವೆ, ಕೆಲವು ಬರೀ ನೆರಳು ಕೊಡುತ್ತವೆ. ಆ ಆರೇಳು ವರ್ಷಕ್ಕೆ ಎಷ್ಟು ರೊಕ್ಕ ಹಿಡಿಯಬೇಕು ಹೇಳಿ? ನನ್ನ ತಲೆ ತಿನ್ನುತ್ತಿರುವುದು ಈ ಲೆಕ್ಕ. ಇವತ್ತು ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ಸ್ವಲ್ಪ ಹಿಂದಕ್ಕೆ ಹೋಗಬೇಕು. 2003ರಲ್ಲಿ ಯೋಜನಾ ಆಯೋಗದ ಒಂದು ಸಮಿತಿ ಜೈವಿಕ ಇಂಧನದ ಬಗ್ಗೆ ವರದಿ ಕೊಟ್ಟಿತು. ಬಂಜರು ಭೂಮಿಯಲ್ಲೆಲ್ಲ ಜತ್ರೋಪ ಹಾಕಿ, 2011-12ರ ಹೊತ್ತಿಗೆ ಡೀಸೆಲ್‌ಗೆ ನೂರಕ್ಕೆ ಇಪ್ಪತ್ತರಷ್ಟು ಜೈವಿಕ ಡೀಸೆಲ್ ಬೆರೆಸೋಣ ಅನ್ನುವುದು ಅದರ ಸಾರ. ಜತ್ರೋಪ ಅಂದರೆ ನಮ್ಮ ಕಡೆಯ ಕಾಡು ಔಡಲ. ಆಗ ಪೇಪರಿನಲ್ಲಿ, ರೇಡಿಯೋದಲ್ಲಿ, ಕೃಷಿ ಮೇಳದಲ್ಲಿ ಎಲ್ಲೆಲ್ಲೂ ಅದೇ ಮಾತು. ನೀರು ಬೇಡ, ಗೊಬ್ಬರ ಬೇಡ, ದನ ಮುಟ್ಟುವುದಿಲ್ಲ, ಎರಡು ವರ್ಷಕ್ಕೆ ಕಾಯಿ! ಕೊನೆಯ ಎರಡರಲ್ಲಿ ಸುಳ್ಳಿಲ್ಲ. ಆದರೆ ನೀರೂ ಗೊಬ್ಬರವೂ ಇಲ್ಲದ ನೆಲದಲ್ಲಿ ಗಿಡ ಬದುಕುತ್ತದೆ ಅಂದರೆ ಅದು ಎಣ್ಣೆಯನ್ನೂ ಕೊಡುತ್ತದೆ ಅಂತ ಅರ್ಥವಲ್ಲವಲ್ಲ. ಹೆಕ್ಟೇರಿಗೆ ಐದು ಟನ್ ಬೀಜ ಅಂತ ಆಸೆ ಹುಟ್ಟಿಸಿದ ಕಡೆ ಒಂದು ಟನ್ ಕೂಡ ಬರಲಿಲ್ಲ. 2009ರ ರಾಷ್ಟ್ರೀಯ ನೀತಿ ಆ ಇಪ್ಪತ್ತರ ಗುರಿಯನ್ನು 2017ಕ್ಕೆ ತಳ್ಳಿತು. 2018ರ ನೀತಿ ಡೀಸೆಲ್ ಪಾಲನ್ನು 2030ಕ್ಕೆ ನೂರಕ್ಕೆ ಐದು ಅಂತ ಇಳಿಸಿತು. ಈಗಲೂ ನಾವು ಒಂದರ ಒಳಗೇ ಇದ್ದೇವೆ.

ಆ ಭರಾಟೆಯ ಉಳಿಕೆಯೊಂದನ್ನು ನಾನು ಕಣ್ಣಾರೆ ಕಂಡಿದ್ದು ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲಿ. ಈ ಕಡೆಯವರಲ್ಲದವರಿಗೆ ಹೇಳಬೇಕು: ಆರ್.ಎಚ್. ಅಂದರೆ ರಿಹ್ಯಾಬಿಲಿಟೇಶನ್. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರಕಾರ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿದ ಊರುಗಳು ಇವು. ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಅಂತ ನಂಬರಿನ ಮೇಲೇ ಹೆಸರು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ, ಗದ್ದೆಯಲ್ಲಿ ನೆಲ್ಲು, ದಸರೆಗೆ ದುರ್ಗಾಪೂಜೆ. ಅಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ನಾನು ಅವರನ್ನು ಕಾಕಾ ಅಂತೀನಿ. ನಮ್ಮ ಕಡೆಯೂ ಕಾಕಾನೇ, ಬಂಗಾಳಿಯಲ್ಲೂ ಕಾಕಾನೇ, ಹಾಗಾಗಿ ಇಬ್ಬರಿಗೂ ಅಡ್ಡಿಯಿಲ್ಲ :)

ಕಾಕಾ ಆಗ ಯಾರೋ ಹೇಳಿದರೆಂದು ಜತ್ರೋಪದ ಕಡ್ಡಿ ತಂದು ಬೇಲಿಗೆ ನೆಟ್ಟಿದ್ದರು. ಕಡ್ಡಿ ನೆಡುವುದು ಬಲು ಅಗ್ಗ. ಮೊಳಕಾಲುದ್ದ ಕಡಿದು ಮಣ್ಣಿಗೆ ಚುಚ್ಚಿದರೆ ಚಿಗುರುತ್ತದೆ. ಆದರೆ ಕಡ್ಡಿಯಿಂದ ಎದ್ದ ಜತ್ರೋಪಕ್ಕೆ ತಾಯಿಬೇರು ಇರುವುದಿಲ್ಲ, ಬೇರು ಮೇಲೆ ಮೇಲೆ ಹರಡುತ್ತದೆ. ಬೀಜದ ಗಿಡಕ್ಕೆ ಮಾತ್ರ ಆಳಕ್ಕಿಳಿಯುವ ಬೇರು. ಎರಡು ಗಾಳಿಮಳೆಗೆ ಅರ್ಧ ಬೇಲಿ ಮಲಗಿತು. ಉಳಿದರ್ಧದಲ್ಲಿ ಬಿಟ್ಟ ಕಾಯಿಯನ್ನು ಕೇಳುವವರೇ ಇರಲಿಲ್ಲ. ಬೀಜ ವಿಷ ಬೇರೆ, ಮಕ್ಕಳು ಬಾಯಿಗೆ ಹಾಕಿಕೊಂಡಾರು ಅಂತ ಮನೆಯ ಹೆಣ್ಣುಮಕ್ಕಳು ಹೆದರಿ ಕಿತ್ತು ಹಾಕಿಸಿದರಂತೆ. ನಾನು ಮೊದಲ ಸಲ ಎಣ್ಣೆ ಗಿಡದ ಮಾತು ತೆಗೆದಾಗ ಕಾಕಾ ಹೇಳಿದ್ದು ಇಷ್ಟೇ: "ತಮ್ಮಾ, ಆ ಸುದ್ದಿ ಬಿಟ್ಟು ಬ್ಯಾರೆ ಏನರ ಇದ್ರ ಹೇಳು."

ನಾನು ಬಿಡಲಿಲ್ಲ. ಯಾಕೆಂದರೆ ಕಾಕಾನ ಜಮೀನಿನ ತಗ್ಗಿನ ಮೂಲೆಯಲ್ಲಿ ಮುಕ್ಕಾಲು ಎಕರೆ ಸವಳಾಗಿ ಬಿದ್ದಿತ್ತು. ಕಾಲುವೆ ನೀರು ನಿಂತು ನಿಂತು ಉಪ್ಪು ಮೇಲೆದ್ದು, ಬೇಸಿಗೆಯಲ್ಲಿ ನೋಡಿದರೆ ಸುಣ್ಣ ಚೆಲ್ಲಿದ ಹಾಗೆ. ಅವರೊಬ್ಬರದೇ ಅಲ್ಲ, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಸವಳು, ಜವಳು ಹಿಡಿದ ನೆಲ ಹತ್ತಿರ ಹತ್ತಿರ ಒಂದು ಲಕ್ಷ ಹೆಕ್ಟೇರ್ ಅನ್ನುತ್ತಾರೆ. ನೆಲ್ಲು ಅಲ್ಲಿ ಹಾಕಿದರೆ ಬೀಜದ ದುಡ್ಡೂ ಹುಟ್ಟುವುದಿಲ್ಲ. ಅಂಥ ನೆಲವನ್ನೂ ತಾಳಿಕೊಳ್ಳುವ ಗಿಡಗಳಲ್ಲಿ ಹೊಂಗೆ ಒಂದು.

ನಮ್ಮ ಕಡೆ ಹೊಂಗೆಗೆ ಹುಲಗಲ ಅಂತಾರೆ. ಬಂಗಾಳಿಯಲ್ಲಿ ಕರಂಜ. ಸಿಲ್ಹೆಟ್ ಕಡೆ ಕರಚ್ ಅನ್ನುತ್ತಾರೆ. ಅಲ್ಲಿ ರಾತಾರ್‌ಗುಲ್ ಅಂತ ಒಂದು ಕಾಡಿದೆ, ಈಗಿನ ಬಾಂಗ್ಲಾದೇಶದಲ್ಲಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಆ ಕಾಡು ನೀರಿನಲ್ಲಿ ಮುಳುಗಿರುತ್ತದೆ, ದೋಣಿಯಲ್ಲಿ ಹೋಗಬೇಕು. ಅಲ್ಲಿ ಹೆಚ್ಚಾಗಿ ಇರುವ ಮರವೇ ಇದು! ಮಸ್ಕಿಯ ಒಣ ಮರಡಿಯಲ್ಲಿ ನಿಲ್ಲುವ ಹುಲಗಲವೂ ಸಿಲ್ಹೆಟ್‌ನ ನೀರಲ್ಲಿ ನಿಲ್ಲುವ ಕರಚ್ಚೂ ಒಂದೇ ಜಾತಿ. ಇದನ್ನು ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಚಿಕ್ಕಂದಿನಲ್ಲಿ ಕಜ್ಜಿಗೆ ಕರಂಜದ ಎಣ್ಣೆ ಹಚ್ಚುತ್ತಿದ್ದ ಮಾತು ತೆಗೆದರು. ಆಮೇಲೆ ನನ್ನ ಮಾತಿಗೆ ಕಿವಿ ಕೊಟ್ಟರು.

ಈಗ ಅಸಲು ವಿಷಯ. ಹೊಂಗೆ ಪರಕೀಯ ಪರಾಗಸ್ಪರ್ಶದ ಮರ. ಅಂದರೆ ಜೇನುಹುಳ ಒಂದು ಮರದ ಪರಾಗ ಇನ್ನೊಂದಕ್ಕೆ ಒಯ್ದು ಕಾಯಿ ಕಟ್ಟಬೇಕು. ಹಾಗಾಗಿ ಒಂದೇ ಮರದ ನೂರು ಬೀಜ ಬಿತ್ತಿದರೆ ನೂರು ಥರದ ಗಿಡ. ಪುಸ್ತಕಗಳಲ್ಲಿ ಹೊಂಗೆಯ ಇಳುವರಿ ಹುಡುಕಿ ನೋಡಿ, ಮರವೊಂದಕ್ಕೆ ವರ್ಷಕ್ಕೆ 9ರಿಂದ 90 ಕೆ.ಜಿ. ಅಂತ ಇರುತ್ತದೆ. ಮೊದಲು ಓದಿದಾಗ ಅಚ್ಚಿನ ತಪ್ಪು ಅಂದುಕೊಂಡೆ. ಅಲ್ಲ, ಮರಗಳೇ ಹಾಗಿವೆ. ಬೀಜದಲ್ಲಿನ ಎಣ್ಣೆಯೂ ಹಾಗೆ, ನೂರಕ್ಕೆ 27ರಿಂದ 39ರ ತನಕ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವಾಗ ಬೇಸಿಗೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೂ ಗೊತ್ತಾಗುತ್ತದೆ. ಒಂದು ಮರ ಕಾಯಿಯ ಭಾರಕ್ಕೆ ಬಾಗಿರುತ್ತದೆ, ಪಕ್ಕದ್ದರಲ್ಲಿ ಎಲೆ ಬಿಟ್ಟರೆ ಏನೂ ಇಲ್ಲ. ಅದೇ ಮಣ್ಣು, ಅದೇ ಮಳೆ.

ಲೆಕ್ಕ ಹಾಕೋಣ. ಐವತ್ತು ಮರ ಇವೆ ಅಂತ ಇಟ್ಟುಕೊಳ್ಳಿ. ಮರಕ್ಕೆ 15 ಕೆ.ಜಿ. ಬೀಜದಂತೆ 750 ಕೆ.ಜಿ. ಸಣ್ಣ ಗಾಣದಲ್ಲಿ ನಾಲ್ಕು ಕೆ.ಜಿ. ಬೀಜಕ್ಕೆ ಒಂದು ಕೆ.ಜಿ. ಎಣ್ಣೆ ಅಂತ ಹಿಡಿದರೆ 187 ಕೆ.ಜಿ., ಅಂದರೆ ಸುಮಾರು 200 ಲೀಟರ್. ಜೊತೆಗೆ ಐದೂವರೆ ಕ್ವಿಂಟಾಲ್ ಹಿಂಡಿ. ಡೀಸೆಲ್ ಲೀಟರಿಗೆ 90 ರೂಪಾಯಿ ಆಸುಪಾಸು ಅಂದುಕೊಂಡರೆ ಎಣ್ಣೆಯೇ 18,000. ಅದೇ ಐವತ್ತು ಮರ ತಲಾ 5 ಕೆ.ಜಿ. ಕೊಡುವ ಸೋಮಾರಿ ಮರಗಳಾದರೆ? 6,000. ಕಾಯಿ ಆರಿಸುವ ಕೂಲಿಗೇ ಸಾಲದು. ಅಂದರೆ ಸಸಿ ತರುವಾಗ ಒಂದಕ್ಕೆ ಐವತ್ತು ರೂಪಾಯಿ ಉಳಿಸಿ ಒಟ್ಟು ಎರಡೂವರೆ ಸಾವಿರ ಮಿಗಿಸಿದವನು ಆಮೇಲೆ ಪ್ರತಿ ವರ್ಷ ಹನ್ನೆರಡು ಸಾವಿರ ಬಿಡುತ್ತಾನೆ. ಅದೂ ಮರ ಇರುವ ತನಕ.

ಸಿಮರೂಬ, ಲಕ್ಷ್ಮೀತರು ಅಂತ ಹೆಸರಿಟ್ಟು ಹಂಚಿದರಲ್ಲ, ಅದರ ಕತೆ ಇನ್ನೂ ಕಷ್ಟದ್ದು. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎಬ್ಬಿಸಿದರೆ ಹೆಚ್ಚುಕಡಿಮೆ ಅರ್ಧ ಗಂಡು. ಹೂ ಬಿಡುವ ತನಕ, ಅಂದರೆ ನಾಲ್ಕಾರು ವರ್ಷ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಅಷ್ಟು ವರ್ಷ ನೀರೆರೆದವನ ಹೊಟ್ಟೆ ಉರಿಯುವುದಿಲ್ಲವೇ? ಕರ್ನಾಟಕ 2009ರಲ್ಲಿ ತನ್ನದೇ ಜೈವಿಕ ಇಂಧನ ನೀತಿ ತಂದು, ವೈ.ಬಿ. ರಾಮಕೃಷ್ಣ ಅವರ ಮುಂದಾಳತ್ವದಲ್ಲಿ ಹಸಿರು ಹೊನ್ನು, ಬರಡು ಬಂಗಾರ ಅಂತೆಲ್ಲ ಕಾರ್ಯಕ್ರಮ ಮಾಡಿತು. ಹಾಸನ ಹತ್ತಿರದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಬಂತು. ಹೊಲದ ಬದುವಿಗೆ, ಬೀಳು ನೆಲಕ್ಕೆ ಮಾತ್ರ ಹಾಕಿ, ಊಟದ ಬೆಳೆಯ ಜಾಗಕ್ಕೆ ಕೈ ಹಾಕಬೇಡಿ ಅಂದಿದ್ದು, ಒಂದೇ ಗಿಡಕ್ಕೆ ಜೋತು ಬೀಳದೆ ಹೊಂಗೆ, ಬೇವು, ಹಿಪ್ಪೆ ಎಲ್ಲ ಸೇರಿಸಿದ್ದು ನನ್ನ ಪ್ರಕಾರ ದೇಶದ ಜತ್ರೋಪ ಹುಚ್ಚಿಗಿಂತ ಎಷ್ಟೋ ಮೇಲಾದ ವಿಚಾರ. ಆದರೆ ಲಕ್ಷ ಲಕ್ಷ ಸಸಿ ಹಂಚುವಾಗ ಲೆಕ್ಕಕ್ಕೆ ಬರುವುದು ಸಸಿಯ ಸಂಖ್ಯೆ. ಆ ಸಸಿಯ ತಾಯಿ ಮರ ಯಾವುದು ಅಂತ ಯಾರು ಕೇಳುತ್ತಾರೆ?

ಹಾಗಾದರೆ ಅಗ್ಗವೂ ಆಗಬೇಕು, ಒಳ್ಳೆಯ ಮರವೂ ಆಗಬೇಕು, ದಾರಿ ಯಾವುದು? ಅಂಗಾಂಶ ಕೃಷಿ ಅಂದರೆ ಲ್ಯಾಬು ಬೇಕು. ಹೊಂಗೆಯ ಕಡ್ಡಿಯನ್ನು ಹಾರ್ಮೋನಿನಲ್ಲಿ ಅದ್ದಿ ಬೇರು ಬರಿಸಬಹುದು, ಆದರೆ ಮಂಜಿನ ಮನೆ ಬೇಕು, ಪ್ರತಿದಿನದ ಆರೈಕೆ ಬೇಕು. ನಮ್ಮಂಥವರಿಗೆ ಕೈಗೆಟುಕುವುದು ಮಾವಿನವರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದೇ. ಬೀಜವನ್ನು ಅದು ಬೆಳೆಯಬೇಕಾದ ಜಾಗದಲ್ಲೇ ಊರಿ, ಒಂದು ವರ್ಷ ಕಳೆದ ಮೇಲೆ ಅಲ್ಲೇ ನಿಂತು ಕಸಿ ಕಟ್ಟುವುದು.

ಇದರಲ್ಲಿ ಪ್ಲಾಸ್ಟಿಕ್ ಚೀಲದ ಖರ್ಚಿಲ್ಲ, ಸಾಗಾಟವಿಲ್ಲ. ಮೇಲಾಗಿ ಚೀಲದ ಸಸಿಯದೊಂದು ಕಾಣದ ರೋಗ ಇದೆ. ನಾನು ಒಮ್ಮೆ ಒಂದು ನರ್ಸರಿಯಿಂದ ತಂದ ಸಸಿಗಳ ಚೀಲ ಹರಿದು ನೋಡಿದರೆ ತಾಯಿಬೇರು ತಳದಲ್ಲಿ ಸಿಂಬೆಯ ಹಾಗೆ ಸುತ್ತಿಕೊಂಡಿತ್ತು. ಅಂಥದ್ದು ನೆಲಕ್ಕೆ ಹೋದ ಮೇಲೂ ಸುತ್ತುತ್ತಲೇ ಇರುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಜಾಗದಲ್ಲೇ ಮೊಳೆತ ಹೊಂಗೆ ಮೇಲೆ ಗೇಣುದ್ದ ಇರುವಾಗಲೇ ಕೆಳಗೆ ಅದಕ್ಕಿಂತ ಆಳ ಹೋಗಿರುತ್ತದೆ.

ಮಾಡುವ ಕ್ರಮ ಸರಳ, ಆದರೆ ಹೊತ್ತು ಮೀರಬಾರದು. ಹೊಂಗೆ ಬೀಜ ಜೋಳದ ಹಾಗೆ ಹಗೇವಿನಲ್ಲಿಟ್ಟು ಬೇಕಾದಾಗ ತೆಗೆಯುವಂಥದ್ದಲ್ಲ, ತಿಂಗಳು ಕಳೆದಂತೆ ಮೊಳೆಯುವ ಶಕ್ತಿ ಇಳಿಯುತ್ತದೆ. ಬೇಸಿಗೆಯಲ್ಲಿ ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗ ಆರಿಸಿ, ಆ ಮುಂಗಾರಿಗೇ ಊರಬೇಕು. ಸಿಪ್ಪೆ ಸುಲಿದು, ಒಂದು ರಾತ್ರಿ ನೀರಲ್ಲಿ ನೆನೆಸಿ, ತೇಲಿದ್ದನ್ನು ಚೆಲ್ಲಿ, ಒಂದು ಗುಂಡಿಗೆ ಎರಡರಂತೆ ಒಂದಿಂಚು ಆಳಕ್ಕೆ. ಎರಡು ವಾರದಲ್ಲಿ ಮೊಳಕೆ. ಎರಡೂ ಎದ್ದರೆ ಸೊರಗಿದ್ದನ್ನು ಕಿತ್ತರೆ ಆಯಿತು. ಸವಳು ನೆಲದಲ್ಲಿ ಮಾತ್ರ ಇದು ನೇರವಾಗಿ ನಡೆಯುವುದಿಲ್ಲ. ಬೆಳೆದ ಹೊಂಗೆ ಉಪ್ಪು ತಾಳುತ್ತದೆ, ಆದರೆ ಮೊಳಕೆ ಎಳೆಗೂಸು. ಅಲ್ಲಿ ಮೊಳದೆತ್ತರ ದಿಬ್ಬ ಮಾಡಿ, ಒಳಗೆ ಕೆರೆಗೋಡು, ತಿಪ್ಪೆಗೊಬ್ಬರ ತುಂಬಿ, ಅದರ ಮೇಲೆ ಊರಬೇಕು.

ಕಾಂಡ ಪೆನ್ಸಿಲ್ ದಪ್ಪ ಬಂದ ಮೇಲೆ ಕಸಿ. ಆರಿಸಿದ ಮರದ ಅಷ್ಟೇ ದಪ್ಪದ ಕಡ್ಡಿಯ ಎಲೆಗಳನ್ನು ಒಂದು ವಾರ ಮೊದಲೇ ತೊಟ್ಟು ಬಿಟ್ಟು ಕತ್ತರಿಸಿಟ್ಟರೆ ಕಣ್ಣು ಉಬ್ಬುತ್ತವೆ. ಆಗ ಗೇಣುದ್ದ ಕಡಿದು ತಂದು, ಬುಡವನ್ನು ಬೆಣೆಯ ಹಾಗೆ ಎರಡೂ ಕಡೆ ಕೆತ್ತಿ, ಗಿಡದ ತಲೆ ಕತ್ತರಿಸಿ ನಡುವೆ ಸೀಳಿ, ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುವುದು. ಮೇಲೊಂದು ಟೋಪಿ ಬೇಕು, ತೇವ ಆರದ ಹಾಗೆ. ಅದಕ್ಕೆ ಮಕ್ಕಳು ಚೀಪುವ ಐಸ್ ಪೆಪ್ಸಿಯ ಉದ್ದನೆಯ ಪಾಕೀಟು ಹೇಳಿ ಮಾಡಿಸಿದಂತಿದೆ. ಮೂರು ವಾರದಲ್ಲಿ ಚಿಗುರು ಬಂದರೆ ಗೆದ್ದಂತೆ. ಕೂಡಲಿಲ್ಲ ಅಂದರೆ ಗಿಡವೇನೂ ಸಾಯುವುದಿಲ್ಲ, ಕೆಳಗಿನಿಂದ ಮತ್ತೆ ಚಿಗುರುತ್ತದೆ, ಮತ್ತೆ ಕಟ್ಟಬಹುದು. ಕಸಿಯ ಕೆಳಗಿನ ಚಿಗುರನ್ನು ಆಗಾಗ ಚಿವುಟದಿದ್ದರೆ ಮಾತ್ರ ಹಳೇ ಗಿಡವೇ ಮೇಲೆದ್ದು ಕೂರುತ್ತದೆ. ಖರ್ಚು ಅಂದರೆ ಒಂದು ಚೂಪು ಚಾಕು, ಪಟ್ಟಿ, ಪಾಕೀಟು, ಒಂದು ದಿನದ ಕೆಲಸ. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೇ ಕಾಯಿಗೆ ಬರುತ್ತದೆ.

ಕಷ್ಟದ ಕೆಲಸ ತಾಯಿ ಮರ ಹುಡುಕುವುದು. ಅದಕ್ಕೆ ದುಡ್ಡು ಬೇಡ, ಎರಡು ಮೂರು ಬೇಸಿಗೆಯ ತಾಳ್ಮೆ ಬೇಕು. ಒಂದು ವರ್ಷ ಜೋರಾಗಿ ಕಾಯಿ ಬಿಟ್ಟು ಮರುವರ್ಷ ಸುಮ್ಮನಾಗುವ ಮರಗಳೂ ಇವೆ, ಅವು ಬೇಡ. ಕಾಯಿ ಗೊಂಚಲಾಗಿರಬೇಕು, ಒಳಗೆ ಬೀಜ ದಪ್ಪಗಿರಬೇಕು. ಎಲೆಯ ಮೇಲೆ ನುಸಿ ಕಡಿದು ಗಂಟು ಗಂಟಾದದ್ದು ಹೆಚ್ಚಿರಬಾರದು. ಮರ ಆರಿಸುವಾಗ ಒಂದಕ್ಕೇ ನಿಲ್ಲಬಾರದು, ನಾಲ್ಕೈದು ಬೇಕು. ಮೊದಲೇ ಹೇಳಿದೆನಲ್ಲ, ಒಂದರ ಪರಾಗ ಇನ್ನೊಂದಕ್ಕೆ ಹೋಗಬೇಕು. ಹೊಲದ ತುಂಬ ಒಂದೇ ಮರದ ಕಸಿ ಇದ್ದರೆ ಎಲ್ಲವೂ ಒಂದೇ ಮರ ಇದ್ದ ಹಾಗೆ. ಯಾವ ಮರ ಚೆನ್ನಾಗಿ ಬಿಡುತ್ತದೆ ಅಂತ ತಿಳಿಯಲು ನನಗೆ ಸಹಾಯವಾದವರು ಯಾವ ಅಧಿಕಾರಿಯೂ ಅಲ್ಲ, ರಸ್ತೆ ಬದಿ ಹುಲಗಲದ ಕಾಯಿ ಆರಿಸಿ ಮಾರುವ ಮುದುಕಿಯರು. "ಆ ಹಳ್ಳದ ಸೇತುವಿ ದಾಟಿದ್ ಮ್ಯಾಲ ಎಡಕ್ಕ ಐತಲ್ಲ, ಅದು ಒಂದ್ ವರ್ಷನೂ ತಪ್ಪಿಸಂಗಿಲ್ರಿ" ಅಂತ ಒಬ್ಬಾಕೆ ಹೇಳಿದ ಮರ ನಿಜಕ್ಕೂ ತಪ್ಪಿಸಲಿಲ್ಲ.

ಕಾಕಾನ ತಕರಾರು ಇಷ್ಟಕ್ಕೇ ಮುಗಿಯಲಿಲ್ಲ. ಅವು ಬರೀ ಹಟದ ಮಾತೂ ಅಲ್ಲ. ಒಂದು, ಗದ್ದೆಯ ಬದುವಿಗೆ ಮರ ಬಂದರೆ ನೆರಳಿಗೆ ನೆಲ್ಲು ಸೊರಗುತ್ತದೆ, ಕೊಂಬೆಯಲ್ಲಿ ಕೂತ ಹಕ್ಕಿ ಕಾಳು ಮುಗಿಸುತ್ತವೆ. ಇದು ನಿಜ. ನೆಲ್ಲಿನ ನಡುವಿನ ಬದುವಿಗೆ ಹೊಂಗೆ ಹಾಕಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸವಳು ಮೂಲೆ, ಹಳ್ಳದ ದಂಡೆ, ಖುಷ್ಕಿ ಹೊಲದ ಬಡಗಣ ಬದು, ಇಷ್ಟೇ ಅದರ ಜಾಗ. ಎರಡು, "ಎಣ್ಣಿ ಯಾರ್ ತಗೋತಾರ?" ಇದಕ್ಕೆ ನನ್ನ ಹತ್ತಿರ ಇದ್ದ ಉತ್ತರ, ಯಾರೂ ಬರುವುದಿಲ್ಲ ಅಂತಲೇ ತಿಳಿದು ಹಾಕಿ ಅನ್ನುವುದು. ಜೈವಿಕ ಇಂಧನ ಅಂದರೆ ಈಗ ಸರಕಾರದ ಕಣ್ಣೆಲ್ಲ ಎಥನಾಲ್ ಮೇಲೆ. ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ತೆಗೆದು ಪೆಟ್ರೋಲಿಗೆ ಬೆರೆಸಿ 2025ರಲ್ಲಿ ಇಪ್ಪತ್ತು ಪರ್ಸೆಂಟ್ ಮುಟ್ಟಿಸಿದರು. ಎಣ್ಣೆಕಾಳಿನ ಮರಗಳನ್ನು ಕೇಳುವವರು ಕಡಿಮೆ.

ಹಾಗಾದರೆ ಎಣ್ಣೆ ಏನು ಮಾಡುವುದು? ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ, ಆ ಕರೆಂಟಿನಿಂದ ಬೋರ್‌ವೆಲ್ ನೀರೆತ್ತಿ ಹೊಲಕ್ಕೆ ಹರಿಸಿದ್ದರು. ರಾಸಾಯನಿಕ ಹಾಕಿ ಡೀಸೆಲ್ ಮಾಡದೆ, ಎಣ್ಣೆಯನ್ನೇ ನೇರ ಎಂಜಿನ್ನಿಗೆ. ಎಂಜಿನ್ ಕಂಡುಹಿಡಿದ ಡೀಸೆಲ್‌ನದು ಕೂಡ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಶೇಂಗಾ ಎಣ್ಣೆಯಲ್ಲಿ ಓಡಿತ್ತಲ್ಲ. ಆದರೆ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ. ಚೆನ್ನಾಗಿ ಸೋಸಿ, ಬಿಸಿ ಮಾಡಿ ಕೊಡಬೇಕು, ಶುರು ಮಾಡುವಾಗ, ನಿಲ್ಲಿಸುವಾಗ ಡೀಸೆಲ್ ಹಾಕಬೇಕು. ಹಳೇ ಕಾಲದ ನಿಧಾನದ ಪಂಪ್‌ಸೆಟ್ಟಿಗೆ ನಡೆಯುತ್ತದೆ. ಹೊಸ ಟ್ರ್ಯಾಕ್ಟರಿಗೆ ಹಾಕಿದರೆ ನಾಜಲ್ ಕಟ್ಟಿ, ಮಿಗಿಸಿದ್ದೆಲ್ಲ ಮೆಕ್ಯಾನಿಕ್ ಪಾಲು.

ಕಾಕಾ ಒಪ್ಪಿದ್ದು ಎಣ್ಣೆಗಲ್ಲ, ಹಿಂಡಿಗೆ. ಹೊಂಗೆ ಹಿಂಡಿಯಲ್ಲಿ ನೂರಕ್ಕೆ ನಾಲ್ಕರ ಆಸುಪಾಸು ಸಾರಜನಕ ಇದೆ, ಕೆಲವು ಹುಳಕ್ಕೂ ಆಗದು. ನೆಲ್ಲಿಗೆ ಹಾಕಲು ಪ್ರತಿ ವರ್ಷ ರೊಕ್ಕ ಕೊಟ್ಟು ಹಿಂಡಿ ತರುವವರು ಅವರು. "ಹಿಂಡಿ ಮನ್ಯಾಗ ಆದ್ರ, ಎಣ್ಣಿ ಹೆಂಗರ ಹೋಗ್ಲಿ" ಅಂದರು. ನೋಡಿ, ಇಷ್ಟು ವರ್ಷ ನಾವೆಲ್ಲ ಡೀಸೆಲ್ ಡೀಸೆಲ್ ಅಂತ ಬಡಕೊಂಡೆವು, ರೈತನ ಲೆಕ್ಕ ಗಾಣದ ಇನ್ನೊಂದು ಬಾಯಲ್ಲಿತ್ತು.

2024ರ ಮುಂಗಾರಿಗೆ ಸವಳು ಮೂಲೆಯಲ್ಲಿ 40 ದಿಬ್ಬ ಮಾಡಿ ಬೀಜ ಊರಿದೆವು. ಆ ಆಗಸ್ಟ್ 10ರ ರಾತ್ರಿಯೇ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿದ್ದು. ಕಾಲುವೆಯ ಕೊನೆಯ ಭಾಗದವರೆಲ್ಲ ನೆಲ್ಲಿನ ಗತಿ ಏನು ಅಂತ ಒದ್ದಾಡುತ್ತಿದ್ದಾಗ ಈ ಮೊಳಕೆಗಳ ಕಡೆ ಯಾರ ಗಮನವೂ ಇರಲಿಲ್ಲ. ಆದರೂ 34 ಉಳಿದವು. ಮೂರು ನೀರು ನಿಂತು ಕೊಳೆತವು, ಒಂದು ಏಳಲೇ ಇಲ್ಲ, ಎರಡನ್ನು ಎಮ್ಮೆ ತುಳಿಯಿತು. ಗಿಡ ದಪ್ಪ ಬಂದ ಮೇಲೆ ನಾಲ್ಕು ಮರಗಳ ಕಡ್ಡಿ ತಂದು ಕಸಿ ಕಟ್ಟಿದೆ, 23 ಕೂಡಿದವು. ಉಳಿದ ಹನ್ನೊಂದಕ್ಕೆ ಇನ್ನೊಮ್ಮೆ ಕಟ್ಟಬೇಕು. ಈ ಸಲ ಚಾಕು ಹಿಡಿಯುವವರು ಕಾಕಾನ ಮೊಮ್ಮಗಳು. ನನಗಿಂತ ಅವಳ ಕೈ ನೆಟ್ಟಗಿದೆ, ನಾನು ಕಟ್ಟಿದ್ದರಲ್ಲಿ ಎರಡನ್ನು ಬಿಚ್ಚಿ ಸರಿ ಮಾಡಿದವಳೂ ಅವಳೇ. ಯಾವ ದಿಬ್ಬಕ್ಕೆ ಯಾವ ಮರದ ಕಡ್ಡಿ ಅಂತ ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ, ಸೇತುವೆ ಮರ, ಗುಡಿ ಮರ, ಬಸ್ ಸ್ಟಾಪ್ ಮರ, ಹಳ್ಳದ ಮರ ಅಂತ.